ರಷ್ಯನ್ ಸಾಹಿತ್ಯದ ದುಃಖಕ್ಕೆ ಲೆಕ್ಕವಿದೆ

ಪದೇ ಪದೇ ಬರುವ ಪ್ರಶ್ನೆ ಇದು: "ರಷ್ಯನ್ ಕಾದಂಬರಿ ಓದಿ ಮುಗಿಸಿದರೆ ವಾರಗಟ್ಟಲೆ ಮನಸ್ಸು ಭಾರ. ಕಾಣದ ಊರು, ಕೇಳದ ಜನ. ಅವರ ಚರಿತ್ರೆಗೆ ನಮಗ್ಯಾಕೆ ಸಂಕಟ? ಇದನ್ನೆಲ್ಲ ಓದೋದಕ್ಕೆ ಒಂದು ಕ್ರಮ ಅಂತ ಇದೆಯಾ?" ಈಚೆಗೆ ಕೆಲವರು ಇನ್ನೊಂದನ್ನೂ ಸೇರಿಸುತ್ತಾರೆ: "ಉಕ್ರೇನಿನಲ್ಲಿ ಇಷ್ಟೆಲ್ಲ ಆದಮೇಲೂ ಓದಬೇಕಾ?"

ಮೊದಲು "ರಷ್ಯನ್ ಆತ್ಮ" ಅನ್ನುವ ಮಾತನ್ನು ಪಕ್ಕಕ್ಕಿಡಿ. ಮುನ್ನುಡಿ ಬರೆಯುವವರಿಗೆ ಬಹಳ ಪ್ರಿಯವಾದ ಮಾತು ಅದು. ಹಿಮ, ವೋಡ್ಕಾ, ಅಳತೆಗೆ ಸಿಗದ ಆತ್ಮ ಎಂದುಬಿಟ್ಟರೆ ಮುಂದೆ ಏನೂ ವಿವರಿಸಬೇಕಾಗಿಲ್ಲ. ಆದರೆ ಅಲ್ಲಿನ ಒಳ್ಳೆಯ ಲೇಖಕರು ದುಃಖವನ್ನು ಅಳತೆ ಹಾಕಿಯೇ ಬರೆದಿದ್ದಾರೆ: ಎಷ್ಟು ರೂಬಲ್, ಎಷ್ಟು ಗ್ರಾಂ, ಎಷ್ಟು ತಿಂಗಳು, ಎಷ್ಟು ಹೆಜ್ಜೆ. ದಾಸ್ತೋವ್ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ರಾಸ್ಕೋಲ್ನಿಕೋವ್ ತನ್ನ ಬಾಗಿಲಿನಿಂದ ಗಿರವಿ ಮುದುಕಿಯ ಮನೆಗೆ 730 ಹೆಜ್ಜೆ ಎಂದು ಎಣಿಸಿಟ್ಟುಕೊಂಡಿರುತ್ತಾನೆ. ಕೈಯಲ್ಲಿ ಪೆನ್ಸಿಲ್ ಇಟ್ಟುಕೊಂಡು ಈ ಅಂಕಿಗಳನ್ನು ಗುರುತು ಹಾಕುತ್ತಾ ಓದಿ. ಮನಸ್ಸು ಭಾರವಾಗುವುದು ನಿಲ್ಲುವುದಿಲ್ಲ, ಆದರೆ ಯಾವ ಭಾರ ಎಂಬುದು ಗೊತ್ತಾಗುತ್ತದೆ.

ಗೊಗೋಲ್‌ನ ‘ಓವರ್‌ಕೋಟು’ (1842) ತೆಗೆದುಕೊಳ್ಳೋಣ. ಅಕಾಕಿ ಅಕಾಕಿಯೆವಿಚ್ ಪೀಟರ್ಸ್‌ಬರ್ಗಿನ ಕಚೇರಿಯೊಂದರಲ್ಲಿ ಕಾಗದ ನಕಲು ಮಾಡುವ ಗುಮಾಸ್ತ. ವರ್ಷಕ್ಕೆ 400 ರೂಬಲ್ ಸಂಬಳ. ಹಳೇ ಕೋಟು ಬೆನ್ನಿನ ಹತ್ತಿರ, ಭುಜದ ಹತ್ತಿರ ಸೊಳ್ಳೆಪರದೆಯಷ್ಟು ತೆಳ್ಳಗಾಗಿದೆ. ತೇಪೆ ಹಾಕಿದರೂ ಬಟ್ಟೆ ನಿಲ್ಲುವುದಿಲ್ಲ ಎಂದು ದರ್ಜಿ ಪೆಟ್ರೋವಿಚ್ ಕೈಯಾಡಿಸಿಬಿಡುತ್ತಾನೆ, ಹೊಸದಕ್ಕೆ 150ರ ಮೇಲೆ ಹೇಳುತ್ತಾನೆ. ಚೌಕಾಸಿ ಮಾಡಿದರೆ 80ಕ್ಕೆ ಇಳಿಯುತ್ತಾನೆಂದು ಅಕಾಕಿಗೆ ಗೊತ್ತು. 80 ಅಂದರೆ ಹತ್ತಿರ ಹತ್ತಿರ ಎರಡೂವರೆ ತಿಂಗಳ ಸಂಬಳ. ಅದರಲ್ಲಿ 40, ಖರ್ಚಾದ ಪ್ರತಿ ರೂಬಲ್‌ಗೆ ಒಂದೊಂದು ಪುಡಿಗಾಸು ಡಬ್ಬಿಗೆ ಹಾಕುತ್ತಾ ವರ್ಷಾನುಗಟ್ಟಲೆ ಕೂಡಿಟ್ಟದ್ದು ಇದೆ. ಮಿಕ್ಕ 40ಕ್ಕೆ ಏನು ಮಾಡಿದ ನೋಡಿ. ಸಂಜೆಯ ಟೀ ಬಿಟ್ಟ. ರಾತ್ರಿ ಮೇಣದಬತ್ತಿ ಹಚ್ಚುವುದು ಬಿಟ್ಟ, ಕೆಲಸವಿದ್ದರೆ ಮನೆಯೊಡತಿಯ ಕೋಣೆಯ ಬೆಳಕಿನಲ್ಲಿ ಹೋಗಿ ಕೂತ. ಬೂಟಿನ ಅಟ್ಟೆ ಸವೆಯಬಾರದೆಂದು ಕಲ್ಲುಹಾಸಿನ ಮೇಲೆ ತುದಿಗಾಲಲ್ಲಿ ನಡೆದ. ಅಗಸಗಿತ್ತಿಗೆ ಬಟ್ಟೆ ಹಾಕುವುದು ಕಡಿಮೆಯಾಗಲೆಂದು ಮನೆಗೆ ಬಂದಕೂಡಲೇ ಒಳಬಟ್ಟೆ ಕಳಚಿ ಹಳೇ ನಿಲುವಂಗಿಯೊಂದರಲ್ಲೇ ಇದ್ದ. ನಲವತ್ತು ಬರಬಹುದೆಂದುಕೊಂಡಿದ್ದ ಬೋನಸ್ಸು 60 ಬಂತು. ಕಾಲರಿಗೆ ಮಾರ್ಟೆನ್ ಎಂಬ ಪ್ರಾಣಿಯ ದುಬಾರಿ ತುಪ್ಪಳ ಎಟುಕಲಿಲ್ಲ, ದೂರದಿಂದ ನೋಡಿದರೆ ಮಾರ್ಟೆನ್ನೇ ಅನ್ನಿಸುವಂಥ ಬೆಕ್ಕಿನ ತುಪ್ಪಳ ಹಾಕಿಸಿದ. ಹೊಲಿಗೆ ಕೂಲಿ 12 ರೂಬಲ್. ತೊಟ್ಟ ಮೊದಲ ರಾತ್ರಿಯೇ ಕತ್ತಲ ಚೌಕದಲ್ಲಿ ಯಾರೋ ಅಡ್ಡಹಾಕಿ ಕಿತ್ತುಕೊಂಡರು.

ಹಾಗೇ ಓದಿದರೆ "ಅಯ್ಯೋ ಪಾಪ" ಅನ್ನಿಸಿ ಮುಗಿಯುತ್ತದೆ. ಲೆಕ್ಕ ಹಾಕಿ ಓದಿದರೆ ಕಳ್ಳರು ಕಿತ್ತದ್ದು ಬಟ್ಟೆಯನ್ನಲ್ಲ, ಅಷ್ಟು ರಾತ್ರಿಗಳ ಕತ್ತಲನ್ನು ಎಂದು ಗೊತ್ತಾಗುತ್ತದೆ. ಇನ್ನೂ ಒಂದು ಸಣ್ಣ ವಿವರ. ಪೀಟರ್ ದೊರೆ 1722ರಲ್ಲಿ ಸರ್ಕಾರಿ ನೌಕರರನ್ನು 14 ದರ್ಜೆಗಳಾಗಿ ವಿಂಗಡಿಸಿದ. ಅಕಾಕಿಯದು ಒಂಬತ್ತನೆಯದು. ಎಂಟನೆಯ ದರ್ಜೆಗೇರಿದವನಿಗೆ ವಂಶಪಾರಂಪರ್ಯದ ಕುಲೀನತೆ ಸಿಗುತ್ತಿತ್ತು. ಒಂಬತ್ತರಲ್ಲೇ ಕೂದಲು ನೆರೆತವನು ಬಾಗಿಲ ಹೊರಗೇ ಉಳಿದವನು. ಗೊಗೋಲ್ ಈ ದರ್ಜೆಯ ಹೆಸರನ್ನು ಎರಡನೇ ಪ್ಯಾರಾ ದಾಟುವ ಮೊದಲೇ ಹೇಳಿಬಿಡುತ್ತಾನೆ. ಆಗಿನ ಓದುಗನಿಗೆ ಅಷ್ಟು ಸಾಕಿತ್ತು. ನಮ್ಮಲ್ಲೂ ಎಫ್‌ಡಿಎ, ಎಸ್‌ಡಿಎ ಅಂದರೆ ಸಾಕಲ್ಲ, ಹಾಗೆ.

‘ಓವರ್‌ಕೋಟು’ ಬಂದ ವರ್ಷವೇ ಬಂದ ಗೊಗೋಲ್‌ನ ಕಾದಂಬರಿ ‘ಸತ್ತ ಆತ್ಮಗಳು’ ಕೂಡ ಒಂದು ಲೆಕ್ಕದ ಪುಸ್ತಕವೇ. ರಷ್ಯನ್ನಿನಲ್ಲಿ "ದುಶಾ" ಅಂದರೆ ಆತ್ಮ. ಜಮೀನಿನ ಜೊತೆ ಕಟ್ಟಿಹಾಕಿದ ಜೀತದ ಗಂಡಾಳನ್ನು ಎಣಿಸುವ ಲೆಕ್ಕದ ಘಟಕವೂ ಅದೇ ಪದ. ತಲೆಗಂದಾಯಕ್ಕೆಂದು ಸರ್ಕಾರ ಹಲವು ವರ್ಷಕ್ಕೊಮ್ಮೆ ಇವರ ಗಣತಿ ಮಾಡುತ್ತಿತ್ತು. ಒಂದು ಗಣತಿಗೂ ಇನ್ನೊಂದಕ್ಕೂ ನಡುವೆ ಸತ್ತವನು ಕಾಗದದ ಮೇಲೆ ಬದುಕಿರುತ್ತಿದ್ದ, ಜಮೀನ್ದಾರ ಅವನ ಪಾಲಿನ ತೆರಿಗೆಯನ್ನೂ ಕಟ್ಟಬೇಕಿತ್ತು. ಚಿಚಿಕೋವ್ ಊರೂರು ಸುತ್ತಿ ಇಂಥ ಸತ್ತವರನ್ನು ಅಗ್ಗಕ್ಕೆ ಕೊಳ್ಳುತ್ತಾನೆ. ತಲೆಗೆ 200 ರೂಬಲ್‌ನಂತೆ ಅವರನ್ನೇ ಅಡವಿಟ್ಟು ಸಾಲ ಎತ್ತುವುದು ಅವನ ಹಂಚಿಕೆ. ಸೊಬಕೆವಿಚ್ ಎಂಬ ಜಮೀನ್ದಾರ ತಲೆಗೆ 100 ಕೇಳುತ್ತಾನೆ. ಸತ್ತವರಿಗೆ ಅಷ್ಟು ಬೆಲೆಯಾ ಎಂದರೆ, ಬಂಡಿ ಮಾಡುವ ಮಿಖೇಯೆವ್ ಎಂಥ ಕೆಲಸಗಾರ ಗೊತ್ತಾ, ಬಡಗಿ ಸ್ತೆಪಾನ್ ಎಂಥ ಆಳು ಎಂದು ಹೊಗಳತೊಡಗುತ್ತಾನೆ. ಕೊನೆಗೆ ಎರಡೂವರೆ ರೂಬಲ್‌ಗೆ ಕುದುರುತ್ತದೆ. ಓದುತ್ತಾ ನಕ್ಕೇ ನಗುತ್ತೇವೆ. ಏಳನೇ ಅಧ್ಯಾಯದಲ್ಲಿ ಚಿಚಿಕೋವ್ ಆ ಪಟ್ಟಿಯನ್ನು ಹರಡಿಕೊಂಡು, ಒಂದೊಂದು ಹೆಸರಿನ ಮುಂದೆ ನಿಂತು, ಇವನು ಹೇಗೆ ಬದುಕಿದ್ದನೋ, ಎಲ್ಲಿ ಬಿದ್ದು ಸತ್ತನೋ ಎಂದು ಯೋಚಿಸುವಾಗ ನಗು ಗಂಟಲಲ್ಲಿ ನಿಲ್ಲುತ್ತದೆ. ಮೊದಲ ಅಧ್ಯಾಯಗಳನ್ನು ಕೇಳುತ್ತಾ ಕವಿ ಪುಷ್ಕಿನ್ ಮಂಕಾಗುತ್ತಾ ಹೋಗಿ, ದೇವರೇ ನಮ್ಮ ರಷ್ಯಾ ಎಷ್ಟು ದುಃಖದ ನಾಡು ಎಂದನಂತೆ. ಇದನ್ನು ಬರೆದಿಟ್ಟವನು ಗೊಗೋಲನೇ. ರಷ್ಯಾಕ್ಕಾಗಿ ಸಂಕಟಪಟ್ಟ ಓದುಗರಲ್ಲಿ ನಾವು ಮೊದಲನೆಯವರಲ್ಲ.

ಜೀತ ರದ್ದಾದದ್ದು 1861ರಲ್ಲಿ. ಖಾಸಗಿ ಜಮೀನ್ದಾರರ ಕೈಯಲ್ಲಿದ್ದ ಎರಡು ಕೋಟಿಗೂ ಹೆಚ್ಚು ಜನ ಬಿಡುಗಡೆಯಾದರು. ಬಿಡುಗಡೆಯ ಷರತ್ತು ಮಾತ್ರ ವಿಚಿತ್ರ. ತಲೆತಲಾಂತರದಿಂದ ತಾವೇ ಉತ್ತ ನೆಲಕ್ಕೆ ರೈತರು 49 ವರ್ಷ ಕಂತು ಕಟ್ಟಬೇಕು. ಅದು ನಿಂತದ್ದು 1907ರಲ್ಲಿ. ಮನೆಗೆಲಸದ ಜೀತದಾಳುಗಳಿಗಂತೂ ತುಂಡು ನೆಲವೂ ಇಲ್ಲ. ಇದು ತಿಳಿದಿದ್ದರೆ ಚೆಖಾವ್‌ನ ‘ಚೆರ್ರಿ ತೋಟ’ದ ಮುದುಕ ಫಿರ್ಸ್ ಹೊಸದಾಗಿ ಕಾಣುತ್ತಾನೆ. ಆ ಅನಿಷ್ಟಕ್ಕೆ ಮುಂಚೆಯೂ ಹೀಗೇ ಗೂಬೆ ಕೂಗಿತ್ತು ಎನ್ನುತ್ತಾನೆ. ಯಾವ ಅನಿಷ್ಟ ಎಂದರೆ, ಬಿಡುಗಡೆ ಎನ್ನುತ್ತಾನೆ. ರಂಗದ ಮೇಲೆ ಇದನ್ನು ಅರಳುಮರಳು ಎಂದು ಆಡುವವರೇ ಹೆಚ್ಚು. ಎಂಬತ್ತೇಳು ವರ್ಷದ ಈ ಮನೆಯಾಳಿಗೆ ಬಿಡುಗಡೆ ಕೊಟ್ಟದ್ದಾದರೂ ಏನು ಎಂದು ಕೇಳಿಕೊಂಡರೆ ಸಾಲು ಬೇರೆ ಥರ ಕೇಳಿಸುತ್ತದೆ. ಬರೆದವನ ತಾತನೂ ಜೀತದಾಳೇ, ದುಡ್ಡು ತೆತ್ತು ತನ್ನ ಸಂಸಾರವನ್ನು ಬಿಡಿಸಿಕೊಂಡವನು.

ಎಲ್ಲಿಂದ ಶುರು ಮಾಡಬೇಕು ಅನ್ನುವವರಿಗೆ ಉತ್ತರ: ಚೆಖಾವ್‌ನದೇ ‘ತಸ್ಕಾ’ (1886). ಐದಾರು ಪುಟದ ಕತೆ. ಸಂಜೆ, ಹಸಿ ಹಿಮ, ಕುದುರೆಗಾಡಿಯ ಅಯೋನಾ ಮುದುಡಿ ಕೂತಿದ್ದಾನೆ. ಅದೇ ವಾರ ಅವನ ಮಗ ಸತ್ತಿದ್ದಾನೆ, ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದ್ದು. ಗಾಡಿ ಹತ್ತಿದ ಮಿಲಿಟರಿಯವನಿಗೆ ಹೇಳಲು ನೋಡುತ್ತಾನೆ, ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಮೂವರು ಪುಂಡರು 20 ಕೊಪೆಕ್‌ಗೆ ಹತ್ತಿ ಬೈಯುತ್ತಾರೆ. ಬಾಡಿಗೆ ಕಡಿಮೆಯಾಯಿತು, ಆದರೆ ಇವನಿಗೆ ಬೇಕಾಗಿರುವುದು ಕೇಳುವ ಕಿವಿ. ಗೇಟಿನ ಕಾವಲಿನವನು ಮುಂದೆ ಹೋಗು ಅನ್ನುತ್ತಾನೆ. ತಂಗುಮನೆಯಲ್ಲಿ ಇನ್ನೊಬ್ಬ ಗಾಡಿಯವನು ನೀರು ಕುಡಿದು ಮುಸುಕೆಳೆದುಕೊಳ್ಳುತ್ತಾನೆ. ಹೇಗೆ ಕಾಯಿಲೆ ಬಿದ್ದ, ಎಷ್ಟು ನರಳಿದ, ಸಾಯುವ ಮುಂಚೆ ಏನಂದ, ಮಗನ ಬಟ್ಟೆ ತರಲು ಆಸ್ಪತ್ರೆಗೆ ಹೋದದ್ದು, ಎಲ್ಲವನ್ನೂ ಸಾವಧಾನವಾಗಿ, ಒಂದೂ ಬಿಡದೆ ಹೇಳಬೇಕು ಅವನಿಗೆ. ಕೊನೆಗೆ ಹುಲ್ಲು ಮೇಯುತ್ತಿರುವ ಕುದುರೆಗೆ ಹೇಳುತ್ತಾನೆ. ನಿನಗೊಂದು ಮರಿ ಇತ್ತು ಅಂತಿಟ್ಟುಕೋ, ಅದು ಸತ್ತುಹೋಯಿತು ಅಂತಿಟ್ಟುಕೋ, ಎಂದು.

"ತಸ್ಕಾ" ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಪದವಿಲ್ಲ ಎಂದು ಹೇಳಿ ಹೇಳಿ ಅದನ್ನೊಂದು ಮಂತ್ರ ಮಾಡಿಬಿಟ್ಟಿದ್ದಾರೆ. ಕನ್ನಡದಲ್ಲಿ ಅಷ್ಟು ಕಷ್ಟವಿಲ್ಲ. "ಕೊರಗು" ಹತ್ತಿರ ಬರುತ್ತದೆ, ಒಳಗೇ ತಿನ್ನುವುದು, ಹೇಳಿಕೊಳ್ಳಲಾಗದ್ದು. ಮನೆಯಿಂದ ದೂರ ಇದ್ದವನ ತಸ್ಕಾ ಆದರೆ "ಹಂಬಲ". ಮಧ್ಯಾಹ್ನ ಸುಮ್ಮನೆ ಕೂತವನ ತಸ್ಕಾ ಆದರೆ "ಬೇಜಾರು". ಅನುವಾದಕರು ಒಂದೇ ಪದ ಹಿಡಿದು ಎಲ್ಲ ಕಡೆ ಅದನ್ನೇ ಹಾಕಿದಾಗ ಕೆಡುತ್ತದೆ.

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಲಾಭವಿದೆ. ರಷ್ಯನ್ನಿನಲ್ಲೂ ನೀನು, ನೀವು ಬೇರೆ ಬೇರೆ. ಸವಾರಿ ಅಯೋನಾನನ್ನು "ನೀನು" ಅನ್ನುತ್ತದೆ, ಅವನು ತಿರುಗಿ "ಬುದ್ಧೀ" ಅನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಇಂಗ್ಲಿಷಿನಲ್ಲಿ ಇದು ಸಪಾಟಾಗಿ ಹೋಗುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಅನುವಾದವಾದರೆ ಅನುವಾದಕರು ಈ ನೀನು-ನೀವುಗಳನ್ನು ಊಹಿಸಿ ಮರಳಿ ಕೂರಿಸಬೇಕು. ಎಲ್ಲೆಲ್ಲಿ ಎಡವಿದ್ದಾರೆ ಎಂದು ಗಮನಿಸಿದರೆ ಆ ಪುಸ್ತಕವನ್ನು ಎಷ್ಟು ನಂಬಬಹುದು ಅನ್ನುವುದು ಹತ್ತು ಪುಟದಲ್ಲಿ ತಿಳಿಯುತ್ತದೆ.

ಅರ್ಧಕ್ಕೇ ಪುಸ್ತಕ ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ದುಃಖಕ್ಕಲ್ಲ, ಹೆಸರುಗಳ ಕಾಟಕ್ಕೆ. ಒಬ್ಬನಿಗೆ ಮೂರು ಹೆಸರು: ಇಟ್ಟ ಹೆಸರು, ತಂದೆಯ ಹೆಸರಿನಿಂದ ಬಂದದ್ದು, ಮನೆತನದ್ದು. ನಮ್ಮ ಇನಿಷಿಯಲ್‌ನಲ್ಲಿ ಅಪ್ಪನ ಹೆಸರು ಒಂದಕ್ಷರವಾಗಿ ಮುಂದೆ ಕೂರುತ್ತದೆ, ಅವರಲ್ಲಿ ಪೂರ್ತಿಯಾಗಿ ಹಿಂದೆ ಕೂರುತ್ತದೆ, ಅಷ್ಟೇ ವ್ಯತ್ಯಾಸ. ಅಕಾಕಿ ಅಕಾಕಿಯೆವಿಚ್ ಅಂದರೆ ಅಕಾಕಿಯ ಮಗ ಅಕಾಕಿ. ಮೇಲೆ ಮುದ್ದಿನ ಹೆಸರು ಬೇರೆ: ರೊದಿಯೋನ್ ಅಮ್ಮನಿಗೆ ರೋದ್ಯಾ, ಸೋಫ್ಯಾ ಎಲ್ಲರಿಗೂ ಸೋನ್ಯಾ, ಅಲೆಕ್ಸೇಯ್ ಅಲ್ಯೋಶಾ. ಮೊದಲ ಐವತ್ತು ಪುಟ ಓದುವಾಗ ಪುಸ್ತಕದ ಹಿಂಬದಿಯ ಖಾಲಿ ಹಾಳೆಯಲ್ಲಿ ಸಾಲಿಗೊಬ್ಬರಂತೆ ಈ ಮೂರು-ನಾಲ್ಕು ರೂಪಗಳನ್ನು ಬರೆದುಕೊಳ್ಳಿ. ಯಾರು ಯಾರನ್ನು ಯಾವಾಗ ಯಾವ ಹೆಸರಿನಿಂದ ಕರೆದರು ಅನ್ನುವುದರಲ್ಲೇ ಅರ್ಧ ಕತೆ ಇರುತ್ತದೆ. ಅಳತೆಗಳೂ ಅದೇ ಹಾಳೆಯಲ್ಲಿರಲಿ: ವೆರ್ಸ್ತ್ ಅಂದರೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು, ಪೂದ್ ಅಂದರೆ 16 ಕಿಲೋ ಚಿಲ್ಲರೆ.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. 1937–38ರಲ್ಲಿ ಸ್ಟಾಲಿನ್ ಆಳ್ವಿಕೆಯಲ್ಲಿ ರಾಜಕೀಯ ಆರೋಪ ಹೊರಿಸಿ ಗುಂಡಿಕ್ಕಲಾದವರು ಸರ್ಕಾರದ್ದೇ ದಾಖಲೆಯಂತೆ 6.8 ಲಕ್ಷ. ಮನೆಯವರಿಗೆ ಹೇಳುತ್ತಿದ್ದದ್ದು "ಪತ್ರ ವ್ಯವಹಾರದ ಹಕ್ಕಿಲ್ಲದ ಹತ್ತು ವರ್ಷದ ಶಿಕ್ಷೆ" ಎಂದು. ಬಹುಪಾಲು ಅದರ ಅರ್ಥ ಆಗಲೇ ಕೊಂದಾಗಿದೆ ಎಂಬುದು. ಜೈಲಿನ ಕಿಟಕಿಯ ಬಳಿ ಸರದಿಯಲ್ಲಿ ನಿಂತು ಕೊಟ್ಟ ದುಡ್ಡನ್ನೋ ಗಂಟನ್ನೋ ತೆಗೆದುಕೊಂಡರೆ ಆಸಾಮಿ ಅಲ್ಲೇ ಇದ್ದಾನೆ ಎಂದು ಹೆಂಗಸರು ತಿಳಿಯುತ್ತಿದ್ದರು. ಮಗನಿಗಾಗಿ ಲೆನಿನ್‌ಗ್ರಾದಿನ (ಪೀಟರ್ಸ್‌ಬರ್ಗಿನ ಆಗಿನ ಹೆಸರು) ಜೈಲಿನ ಮುಂದೆ 17 ತಿಂಗಳು ಹೀಗೆ ನಿಂತವಳು ಕವಿ ಆನ್ನಾ ಅಖ್ಮತೋವಾ. ಆಕೆಯ ‘ರೆಕ್ವಿಯೆಮ್’ ಆ ಸರದಿಯ ಕವನ. ಕಾಗದದಲ್ಲಿಟ್ಟುಕೊಂಡರೆ ಪ್ರಾಣಕ್ಕೇ ಕುತ್ತು. ಗೆಳತಿ ಲಿದಿಯಾ ಚುಕೋವ್‌ಸ್ಕಯಾ ಮನೆಗೆ ಬಂದಾಗ ಅಖ್ಮತೋವಾ ಚೂರು ಕಾಗದದಲ್ಲಿ ಸಾಲುಗಳನ್ನು ಬರೆದು ಕೈಗೆ ಕೊಡುವುದು, ಗೋಡೆಗೆ ಕಿವಿಯಿದ್ದರೆ ಕೇಳಲಿ ಎಂದು ಚಹಾ ಕುಡಿಯುತ್ತೀಯಾ ಎಂಬಂಥ ಮಾತನ್ನು ಗಟ್ಟಿಯಾಗಿ ಆಡುವುದು, ಆಕೆ ಬಾಯಿಪಾಠ ಮಾಡಿಕೊಂಡ ಮೇಲೆ ಕಡ್ಡಿ ಗೀರಿ ಬೂದಿಬಟ್ಟಲ ಮೇಲೆ ಸುಡುವುದು. ಬೆರಳೆಣಿಕೆಯ ಜನರ ನೆನಪಿನಲ್ಲಿ ಆ ಕವನ ಬದುಕಿತು. 1963ರಲ್ಲಿ ಮ್ಯೂನಿಕ್‌ನಲ್ಲಿ ಅಚ್ಚಾಯಿತು, ಸ್ವಂತ ನಾಡಿನಲ್ಲಿ 1987ರಲ್ಲಿ. ನನಗೆ ಸ್ಮಾರಕ ಮಾಡುವುದಾದರೆ 300 ಗಂಟೆ ನಿಂತ ಆ ಬಾಗಿಲೆದುರೇ ನಿಲ್ಲಿಸಿ ಎಂದಿದ್ದಳು. 2006ರಲ್ಲಿ ಕ್ರೆಸ್ತಿ ಜೈಲಿನ ಎದುರು, ನೇವಾ ನದಿಯ ಈಚೆ ದಡದಲ್ಲಿ ನಿಲ್ಲಿಸಿದರು.

ಕವನ ಕಷ್ಟ ಅನ್ನಿಸುವವರು ಅದೇ ಚುಕೋವ್‌ಸ್ಕಯಾಳ ‘ಸೋಫ್ಯಾ ಪೆತ್ರೋವ್ನಾ’ ಹಿಡಿಯಿರಿ. 1939–40ರ ಚಳಿಗಾಲದಲ್ಲೇ ಬರೆದದ್ದು, ಬೆಂಕಿ ಆರುವ ಮೊದಲೇ. ಪ್ರಕಾಶನ ಕಚೇರಿಯ ಟೈಪಿಸ್ಟ್ ಒಬ್ಬಳು, ಸರ್ಕಾರವನ್ನು ಮನಸಾರೆ ನಂಬಿದವಳು, ಮಗನನ್ನು ಹಿಡಿದುಕೊಂಡು ಹೋದಾಗ ಬೇರೆಯವರ ಮಕ್ಕಳು ತಪ್ಪು ಮಾಡಿರಬೇಕು, ನನ್ನವನದು ಮಾತ್ರ ಕಣ್ತಪ್ಪಿನಿಂದಾದದ್ದು ಅಂದುಕೊಳ್ಳುತ್ತಾಳೆ. ಸರದಿಯಲ್ಲಿ ನಿಂತ ಪ್ರತಿಯೊಬ್ಬಳೂ ಹಾಗೇ ಅಂದುಕೊಂಡಿರುತ್ತಾಳೆ. ಕೊನೆಯ ಪುಟದಲ್ಲಿ ಆಕೆ ಮಾಡುವ ಕೆಲಸವನ್ನು ಇಲ್ಲಿ ಹೇಳಿ ಕೆಡಿಸುವುದು ಬೇಡ.

ಲೆನಿನ್‌ಗ್ರಾದಿನ ಮುತ್ತಿಗೆಯ (ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಊರನ್ನು ಸುತ್ತುವರಿದದ್ದು) ಬರಹಗಳನ್ನು ಓದುವ ಮೊದಲು ಒಂದು ಕೆಲಸ ಮಾಡಿ. ಅಡುಗೆಮನೆಯ ತೂಕದ ಯಂತ್ರದಲ್ಲಿ 125 ಗ್ರಾಂ ಬ್ರೆಡ್ ತೂಗಿ. ಅಂಗಡಿ ಬ್ರೆಡ್ಡಾದರೆ ನಾಲ್ಕೈದು ತುಂಡು. 1941ರ ನವೆಂಬರ್ 20ರಿಂದ ಡಿಸೆಂಬರ್ 25ರವರೆಗೆ ಮಕ್ಕಳಿಗೆ, ಅವಲಂಬಿತರಿಗೆ, ಕಚೇರಿ ನೌಕರರಿಗೆ ದಿನಕ್ಕೆ ಸಿಕ್ಕ ಪಡಿತರ ಅಷ್ಟು. ಕಲಬೆರಕೆಯ, ನೀರುಗುಟ್ಟುವ ಬ್ರೆಡ್ಡಾದ್ದರಿಂದ ಕಣ್ಣಿಗೆ ಇನ್ನೂ ಚಿಕ್ಕದು.

ವಾಸಿಲಿ ಗ್ರಾಸ್‌ಮನ್‌ನ ‘ಬದುಕು ಮತ್ತು ವಿಧಿ’ ದೊಡ್ಡದು, ಹೆದರಬೇಡಿ. ಮೊದಲ ಭಾಗದ 18ನೇ ಅಧ್ಯಾಯವನ್ನು ಬಿಡಿಯಾಗಿ ಓದಬಹುದು. ನಾಜಿಗಳು ಹಿಡಿದ ಊರಿನಲ್ಲಿ ಯಹೂದಿಗಳನ್ನು ಕೂಡಿಹಾಕಿದ ಘೆಟ್ಟೋದಿಂದ ತಾಯಿ ಮಗನಿಗೆ ಬರೆದ ಕೊನೆಯ ಕಾಗದ ಅದು. ಮನೆ ಬಿಡುವಾಗ ಏನೇನು ಕಟ್ಟಿಕೊಂಡೆ ಎಂದು ಪಟ್ಟಿ ಕೊಡುತ್ತಾಳೆ: ದಿಂಬು, ಒಂದಿಷ್ಟು ಬಟ್ಟೆ, ನೀನು ಕೊಟ್ಟಿದ್ದ ಕಪ್ಪು, ಚಮಚ, ಚಾಕು, ಎರಡು ತಟ್ಟೆ, ನಿನ್ನ ಪತ್ರಗಳು, ಒಂದು ಪುಷ್ಕಿನ್, ಒಂದು ಚೆಖಾವ್. ಗ್ರಾಸ್‌ಮನ್‌ನ ತಾಯಿಯನ್ನು 1941ರಲ್ಲಿ ಬೆರ್ದೀಚೆವ್‌ನಲ್ಲಿ ಕೊಂದರು, ಅಂಥ ಕಾಗದ ಅವನಿಗೆ ಬಂದಿರಲಿಲ್ಲ. 1961ರಲ್ಲಿ ಕೆಜಿಬಿಯವರು ಬಂದು ಹಸ್ತಪ್ರತಿಯ ಜೊತೆ ಕಾರ್ಬನ್ ಹಾಳೆ, ಟೈಪ್‌ರೈಟರಿನ ರಿಬ್ಬನ್ನುಗಳನ್ನೂ ಹೊತ್ತುಕೊಂಡು ಹೋದರು. 1964ರಲ್ಲಿ ಅವನು ತೀರಿಕೊಂಡ. ಗುಟ್ಟಾಗಿ ದಾಟಿಸಿದ ಮೈಕ್ರೋಫಿಲ್ಮಿನಿಂದ 1980ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಪುಸ್ತಕವಾಯಿತು.

ಇಲ್ಲೊಂದು ಎಚ್ಚರಿಕೆ, ವಿಶೇಷವಾಗಿ ಮನೆಯ ಹಳೇ ಕಪಾಟಿನಿಂದ ಶುರು ಮಾಡುವವರಿಗೆ. ಸೋವಿಯತ್ ಕಾಲದ ಪ್ರಗತಿ, ರಾದುಗ ಪ್ರಕಾಶನಗಳ ಗಟ್ಟಿ ರಟ್ಟಿನ, ಅಗ್ಗದ ಪುಸ್ತಕಗಳು ನವಕರ್ನಾಟಕದ ಮಳಿಗೆಗಳ ಮೂಲಕ ಕರ್ನಾಟಕದ ಎಷ್ಟೋ ಮನೆ ಸೇರಿವೆ. ಟಾಲ್‌ಸ್ಟಾಯ್, ಚೆಖಾವ್, ಗೋರ್ಕಿಗೆ ಅವು ಈಗಲೂ ಒಳ್ಳೆಯವು. ಆದರೆ ಆ ಕಪಾಟಿನಲ್ಲಿ ‘ರೆಕ್ವಿಯೆಮ್’ ಇಲ್ಲ, ಗ್ರಾಸ್‌ಮನ್‌ನ ಈ ಕಾದಂಬರಿ ಇಲ್ಲ, ಕೊಲಿಮಾದ ಕೈದಿ ಶಿಬಿರಗಳ ಕತೆ ಬರೆದ ಶಲಾಮೊವ್ ಇಲ್ಲ. ಕಳಿಸಿದವರು ಕಳಿಸಲಿಲ್ಲ, ಅಷ್ಟೇ. ಆ ಕಪಾಟೊಂದನ್ನೇ ಓದಿದವರು ದುಃಖವೆಲ್ಲ ಝಾರರ ಕಾಲದ್ದು, 1917ಕ್ಕೆ ಮುಗಿಯಿತು ಎಂದುಕೊಳ್ಳುವುದು ಸಹಜ. ಶಲಾಮೊವ್‌ನನ್ನು ಓದುವಾಗ ದಿನಕ್ಕೆ ಎರಡು ಕತೆ ಸಾಕು, ಆರಿಸಿ ಓದಬೇಡಿ, ಅವನು ಜೋಡಿಸಿದ ಕ್ರಮದಲ್ಲೇ ಓದಿ. ಹಟಕ್ಕೆ ಬಿದ್ದು ಒಂದೇ ವಾರದಲ್ಲಿ ಮುಗಿಸಿದರೆ ಹತ್ತನೇ ಕತೆಯ ಹೊತ್ತಿಗೆ ಮರಗಟ್ಟಿ ಏನೂ ಅನ್ನಿಸುವುದಿಲ್ಲ.

ಇನ್ನು ಉಕ್ರೇನಿನ ಪ್ರಶ್ನೆ. ಓದಬೇಕು, ಆದರೆ ಸಂತ್ರಸ್ತರ ಸಾಹಿತ್ಯ ಎಂದಷ್ಟೇ ಓದಬಾರದು. ಪೋಲೆಂಡಿನ ದಂಗೆಯನ್ನು ತುಳಿದಾಗ ಇದು ಸ್ಲಾವರ ಮನೆಜಗಳ, ಯುರೋಪಿಗೇನು ಕೆಲಸ ಎಂದು 1831ರಲ್ಲಿ ಪದ್ಯ ಬರೆದವನು ಪುಷ್ಕಿನ್ನೇ. ಉಕ್ರೇನಿನ ಕವಿ ತರಾಸ್ ಶೆವ್‌ಚೆಂಕೊ ಜೀತದಲ್ಲಿ ಹುಟ್ಟಿದವನು. 1838ರಲ್ಲಿ ಅವನನ್ನು ಬಿಡಿಸಲು 2,500 ರೂಬಲ್ ಕೂಡಿಸಿದವರು ಪೀಟರ್ಸ್‌ಬರ್ಗಿನ ಕಲಾವಿದರು, ಕವಿಗಳು. 1847ರಲ್ಲಿ ಅವನನ್ನು ಗಡೀಪಾರು ಮಾಡಿ, ಬರೆಯಲೂ ಚಿತ್ರ ಬಿಡಿಸಲೂ ಕೂಡದೆಂದು ಸ್ವಂತ ಕೈಯಿಂದ ಷರಾ ಬರೆದವನು ಅದೇ ಊರಿನ ಝಾರ್. ಎರಡೂ ರಷ್ಯಾವೇ. ಕಾಕಸಸ್‌ನಲ್ಲಿ ಸೈನಿಕನಾಗಿದ್ದ ಟಾಲ್‌ಸ್ಟಾಯ್ ಮುಪ್ಪಿನಲ್ಲಿ ಬರೆದ ‘ಹಾಜಿ ಮುರಾದ್’ನ 17ನೇ ಅಧ್ಯಾಯ ಎರಡೇ ಪುಟ. ರಷ್ಯನ್ ಸೈನ್ಯ ಹೋದಮೇಲೆ ಚೆಚೆನ್ ಹಳ್ಳಿ: ಇರಿದ ಹುಡುಗ, ಕಡಿದ ಹಣ್ಣಿನ ಗಿಡ, ಸುಟ್ಟ ಜೇನುಗೂಡು, ಹೊಲಸು ಮಾಡಿದ ಬಾವಿ, ಮಸೀದಿ. ತಮ್ಮವರು ಮಾಡಿದ್ದನ್ನು ಹೀಗೆ ಎಣಿಸಿ ಬರೆದದ್ದೂ ಇದೇ ಸಾಹಿತ್ಯ. ಅವನು ಬದುಕಿರುವಾಗ ಅದು ಅಚ್ಚಾಗಲಿಲ್ಲ.

ನಾಡಿನ ಮೇಲೆ ಪ್ರೀತಿ, ಆಳುವವರ ಮೇಲೆ ಸಿಟ್ಟು, ಈ ಎಳೆ ಎಷ್ಟು ಹಳೆಯದೆಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ, ಬೀದರಿಗೆ ಹೋದರೆ ಸಾಕು. ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಸುಮಾರಿಗೆ ಬಹಮನಿ ರಾಜಧಾನಿಯಲ್ಲಿದ್ದ. ಹಳ್ಳಿಯ ಜನ ಬಹಳ ಬಡವರು, ಒಡೆಯರು ಬಹಳ ಸಿರಿವಂತರು, ಬೆಳ್ಳಿ ಪಲ್ಲಕ್ಕಿಯಲ್ಲಿ ಓಡಾಡುತ್ತಾರೆ ಎಂದು ಬೀದರಿನ ಬಗ್ಗೆ ಬರೆದ. ದಾರಿಯಲ್ಲಿ, ವೋಲ್ಗಾ ನದಿಯ ಕೆಳಭಾಗದಲ್ಲಿ, ದರೋಡೆಕೋರರು ಅವನ ಪುಸ್ತಕಗಳನ್ನೂ ದೋಚಿದ್ದರಿಂದ ಈಸ್ಟರ್ ಯಾವ ದಿನ ಬರುತ್ತದೆಂದು ಗೊತ್ತಾಗದೆ ಒದ್ದಾಡಿದ. ಅದೇ ಬರಹದ ಒಂದು ಕಡೆ ರಷ್ಯನ್ ನಾಡನ್ನು ದೇವರು ಕಾಪಾಡಲಿ, ಲೋಕದಲ್ಲಿ ಅಂಥ ನಾಡಿಲ್ಲ, ಅಲ್ಲಿನ ಒಡೆಯರು ಮಾತ್ರ ನ್ಯಾಯವಂತರಲ್ಲ ಎನ್ನುತ್ತಾನೆ. ಆ ಮಾತನ್ನು ಅವನು ರಷ್ಯನ್ನಿನಲ್ಲಿ ಬರೆಯಲಿಲ್ಲ, ರಷ್ಯನ್ ಅಕ್ಷರದಲ್ಲಿ ತುರ್ಕಿ ಮಾತಿನಲ್ಲಿ ಬರೆದ. ಊರು ತಲುಪುವ ಮೊದಲೇ, ಸ್ಮೊಲೆನ್ಸ್ಕ್ ಹತ್ತಿರ ಸತ್ತ. ಟಿಪ್ಪಣಿ ಮಾತ್ರ ಮಾಸ್ಕೋ ಮುಟ್ಟಿತು.

ಕ್ರಮ ಬೇಕೆಂದವರಿಗೆ: ‘ತಸ್ಕಾ’, ಆಮೇಲೆ ‘ಓವರ್‌ಕೋಟು’, ‘ಹಾಜಿ ಮುರಾದ್’, ‘ಸೋಫ್ಯಾ ಪೆತ್ರೋವ್ನಾ’. ಈ ನಾಲ್ಕಕ್ಕೆ ಒಂದು ತಿಂಗಳು ಧಾರಾಳ. ದಪ್ಪ ಪುಸ್ತಕಗಳು ಆಮೇಲೆ. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ ಓ. ಎಲ್. ನಾಗಭೂಷಣ ಸ್ವಾಮಿಯವರ ಕನ್ನಡದಲ್ಲೇ ಇದೆ. ಸಂಕ್ಷಿಪ್ತ ಆವೃತ್ತಿಗಳನ್ನು ಮಾತ್ರ ಮುಟ್ಟಬೇಡಿ, ಅವರು ಮೊದಲು ಕತ್ತರಿಸುವುದೇ ರೂಬಲ್, ಕೊಪೆಕ್, ಬೆಕ್ಕಿನ ತುಪ್ಪಳಗಳನ್ನು.

‘ಚೆರ್ರಿ ತೋಟ’ವನ್ನು ಒಬ್ಬರೇ ಓದದೆ ನಾಲ್ಕೈದು ಜನ ಕೂತು, ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಚೆಖಾವ್ ಅದನ್ನು ಕಾಮಿಡಿ ಎಂದೇ ಕರೆದ. 1904ರಲ್ಲಿ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಸ್ತಾನಿಸ್ಲಾವ್‌ಸ್ಕಿ ಅದನ್ನು ಗೋಳಿನ ನಾಟಕ ಮಾಡಿದಾಗ, ಹೆಚ್ಚೆಂದರೆ 12 ನಿಮಿಷ ಹಿಡಿಯಬೇಕಾದ ಅಂಕವನ್ನು 40 ನಿಮಿಷ ಎಳೆಯುತ್ತಿದ್ದಾರೆ ಎಂದು ಹೆಂಡತಿಗೆ ರೇಗಿ ಬರೆದ. ನಾಲ್ಕನೇ ಅಂಕಕ್ಕೆ ಬಂದಾಗ ಮೊಬೈಲಿನಲ್ಲಿ ಟೈಮರ್ ಹಾಕಿಕೊಳ್ಳಿ. ಹನ್ನೆರಡಕ್ಕೆ ಮುಗಿಯುವುದಿಲ್ಲ, ಆದರೆ ಗಲೋಶು (ಬೂಟಿನ ಮೇಲೆ ತೊಡುವ ರಬ್ಬರ್ ಹೊದಿಕೆ) ಹುಡುಕುವುದು, ಪೆಟ್ಟಿಗೆ ಎಣಿಸುವುದು, ರೈಲಿಗೆ ಹೊತ್ತಾಯಿತೆಂದು ಕೂಗಾಡುವುದು ಎಲ್ಲ ಓಡುವ ವೇಗದಲ್ಲಿ ಹೋದಾಗ ನಗು ಬರುತ್ತದೆ. ಆ ಗಡಿಬಿಡಿಯಲ್ಲಿ ಫಿರ್ಸ್‌ನನ್ನು ಆಸ್ಪತ್ರೆಗೆ ಕಳಿಸಿದಿರಾ ಎಂದು ಯಾರೋ ಕೇಳುತ್ತಾರೆ, ಕಳಿಸಾಯಿತು ಎಂದು ಇನ್ಯಾರೋ ಅನ್ನುತ್ತಾರೆ. ಆ ಸಾಲಿನ ಹತ್ತಿರ ನಿಲ್ಲಬೇಡಿ, ಅದೇ ವೇಗದಲ್ಲಿ ಓದಿಕೊಂಡು ಹೋಗಿ.